ಸಾನ್ವಿ, ತನ್ವಿ, ಜಾನ್ವಿ: ಹೆಸರಿನ ಪಟ್ಟಿ ಕಳಿಸಿದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಪಟ್ಟಿ ಸಿಕ್ಕಿತು. ಒಟ್ಟು 14 ಹೆಸರು. ಮೊದಲ ಸಲ ಕಣ್ಣಾಡಿಸಿದಾಗ ಒಂದೇ ಹೆಸರನ್ನು ಬೇರೆ ಬೇರೆ ಥರ ಬರೆದು ನೋಡಿದ್ದೀಯ ಅಂದುಕೊಂಡೆ. ಸಿಟ್ಟಾಗಬೇಡ ಮಾರಾಯ. ಅನ್ವಿ, ತನ್ವಿ, ಸಾನ್ವಿ, ಜಾನ್ವಿ, ಧನ್ವಿ ಒಂದು ಗುಂಪು. ಆದ್ಯ, ಆರ್ಯಾ, ಆರಾಧ್ಯ, ಅನನ್ಯ ಇನ್ನೊಂದು. ಆಮೇಲೆ ನಿರೀಕ್ಷಾ, ಪ್ರತೀಕ್ಷಾ, ಸಮೀಕ್ಷಾ. ಎಲ್ಲಕ್ಕಿಂತ ಕೆಳಗೆ ನಿನ್ನ ಹೆಂಡತಿಯ ಕೈಬರಹದಲ್ಲಿ ಧೃತಿ, ದ್ಯುತಿ. ಮಗಳು ಹುಟ್ಟಿ 18 ದಿನ ಆಯಿತು, ಇನ್ನೂ ಅವಳನ್ನು ಪಾಪು ಅಂತಲೇ ಕರೆಯುತ್ತಿದ್ದೇವೆ, ಮುಚ್ಚುಮರೆ ಮಾಡದೆ ಹೇಳು ಅಂತ ಬರೆದಿದ್ದೀಯ. ಸರಿ, ಹೇಳುತ್ತೇನೆ. ಈ ವಿಷಯದಲ್ಲಿ ನನಗಿರುವಷ್ಟು ಅನುಭವ ನಿನಗಿಲ್ಲ.

ನನ್ನ ಹೆಸರು ಸುನಿತಾ. ನಮ್ಮ ತರಗತಿಯಲ್ಲಿ ಒಬ್ಬಳು ಅನಿತಾ, ಒಬ್ಬಳು ವನಿತಾ. ಹಿಂದಿನ ಬೆಂಚಿನಲ್ಲಿ ಕವಿತಾ, ಸವಿತಾ, ಸರಿತಾ. ಮೇಷ್ಟ್ರು ಹಾಜರಿ ಕೂಗುವಾಗ ಮೊದಲ ಅಕ್ಷರ ಗಂಟಲಲ್ಲೇ ಉಳಿದು ಬರೀ '...ನಿತಾ' ಕೇಳಿಸುತ್ತಿತ್ತು. ಮೂವರೂ ಒಟ್ಟಿಗೆ 'ಎಸ್ ಸಾರ್' ಅನ್ನುತ್ತಿದ್ದೆವು. ಒಂದು ಸಲ ವನಿತಾಳ ಮಾರ್ಕ್ಸ್ ಕಾರ್ಡ್ ನನ್ನ ಕೈಗೆ ಬಂತು. ಗಣಿತದಲ್ಲಿ 92. ಆ ಸಂಜೆಯಿಡೀ ಮನೆಯಲ್ಲಿ ನನ್ನದೇ ದರ್ಬಾರು. ಮರುದಿನ ಏನಾಯಿತು ಅಂತ ಬರೆಯುವುದಿಲ್ಲ. ನೀನು ಬೇರೆ, ಕಾಲೇಜಿನಲ್ಲಿ ಮೊದಲ ಮೂರು ತಿಂಗಳು ನನ್ನನ್ನು ವನಿತಾ ಅಂತಲೇ ಕರೆದೆ. ನೆನಪಿದೆಯಾ? ನಾನು ತಿದ್ದಲಿಲ್ಲ. ಅಷ್ಟು ಹೊತ್ತಿಗೆ ನನಗೆ ಅಭ್ಯಾಸವಾಗಿತ್ತು.

ಹಾಗಂತ ಒಂದೇ ಥರ ಕೇಳಿಸುವ ಹೆಸರುಗಳ ಮೇಲೆ ನನಗೇನೂ ದ್ವೇಷ ಇಲ್ಲ. ಅದು ಇವತ್ತಿನ ಕಾಯಿಲೆ ಅಂತ ದೊಡ್ಡವರು ಗೊಣಗುತ್ತಾರಲ್ಲ, ಅದಂತೂ ಶುದ್ಧ ಸುಳ್ಳು. ಪಂಪನ ತಾಯಿಯ ಹೆಸರು ಅಬ್ಬಣಬ್ಬೆ. ರನ್ನನ ತಾಯಿಯ ಹೆಸರು ಅಬ್ಬಲಬ್ಬೆ. ರನ್ನನಿಗೆ ಆಶ್ರಯ ಕೊಟ್ಟವಳು ಅತ್ತಿಮಬ್ಬೆ, ಅವಳ ತಂಗಿ ಗುಂಡಮಬ್ಬೆ. ಎಲ್ಲ ಹತ್ತನೇ ಶತಮಾನದವರು. ಆಗ ಹಾಜರಿ ಪುಸ್ತಕ ಇದ್ದಿದ್ದರೆ ಆ ಮೇಷ್ಟ್ರ ಗತಿ ಏನಾಗುತ್ತಿತ್ತೋ! ಎರಡು ಶತಮಾನ ಈಚೆ ಬಂದರೆ ಬಸವಣ್ಣನವರ ಮಡದಿಯರು ಗಂಗಾಂಬಿಕೆ, ನೀಲಾಂಬಿಕೆ. ಬಾಲ ಮಾತ್ರ ಬದಲಾಗಿದೆ. ಅಬ್ಬೆ ಹೋಗಿ ಅಂಬಿಕೆ ಬಂತು. ಅಮ್ಮ, ಅಕ್ಕ, ಅವ್ವ ಎಲ್ಲ ಬಂದು ಹೋದವು. ಈಗ 'ನ್ವಿ' ಬಂದಿದೆ, ಅಷ್ಟೇ.

ನಮ್ಮ ಅಜ್ಜಿಯರ ಕಾಲದ ಹೆಸರು ನೋಡು. ಜಲಜ, ವನಜ, ನೀರಜ, ಸರೋಜ, ಅಂಬುಜ, ವಾರಿಜ, ಪಂಕಜ. 'ಜ' ಅಂದರೆ ಹುಟ್ಟಿದ್ದು. ನೀರಲ್ಲಿ ಹುಟ್ಟಿದ್ದು, ಕೊಳದಲ್ಲಿ ಹುಟ್ಟಿದ್ದು, ಕೆಸರಲ್ಲಿ ಹುಟ್ಟಿದ್ದು. ವನ ಅಂದರೆ ಕಾಡು ಮಾತ್ರ ಅಲ್ಲ, ನೀರು ಅಂತಲೂ ಅರ್ಥ ಇದೆ. ಒಟ್ಟಿನಲ್ಲಿ ಏಳೂ ತಾವರೆಗಳೇ. ಅಕ್ಕನಿಗೆ ಸರೋಜ, ತಂಗಿಗೆ ಜಲಜ ಅಂತ ಇಟ್ಟವರು ಇಬ್ಬರಿಗೂ ಒಂದೇ ಹೆಸರು ಇಟ್ಟ ಹಾಗಾಯಿತು. ಆದರೆ ಪಂಕಜನನ್ನು ಕರೆದರೆ ಅಂಬುಜ ಓಡಿ ಬರುತ್ತಿರಲಿಲ್ಲ. ಬಾಲ ಒಂದೇ ಆದರೂ ಮುಖ ಬೇರೆ ಇತ್ತು. ಅವರದು ಅರ್ಥ ಒಂದೇ, ದನಿ ಬೇರೆ. ನಿನ್ನ ಪಟ್ಟಿ ಅದಕ್ಕೆ ಪೂರ್ತಿ ಉಲ್ಟಾ. ದನಿ ಒಂದೇ, ಅರ್ಥ ಒಂದೊಂದು ದಿಕ್ಕಿಗೆ.

ನನ್ನ ಓರಗೆಯ 'ತಾ' ಗುಂಪಿನದೂ ಅದೇ ಕಥೆ. ಸರಿತಾ ಅಂದರೆ ಹೊಳೆ. ಸವಿತಾ ಅಂದರೆ ಸೂರ್ಯ, ಸಂಸ್ಕೃತದಲ್ಲಿ ಅದು ಗಂಡು ಹೆಸರು! ವನಿತಾ ಅಂದರೆ ಸುಮ್ನೆ ಹೆಂಗಸು. ಇನ್ನು ಅನಿತಾ ನಮ್ಮ ಕಡೆಯವಳೇ ಅಲ್ಲ. ಸ್ಪೇನಿನಲ್ಲಿ ಅನಾ ಅನ್ನುವ ಹೆಸರನ್ನು ಮುದ್ದಿನಿಂದ ಅನಿತಾ ಅನ್ನುತ್ತಾರೆ, ನಮ್ಮಲ್ಲಿ ಪುಟ್ಟಿ ಸೇರಿಸಿದ ಹಾಗೆ. ನೋಡುವುದಕ್ಕೆ ನನ್ನ ಒಡಹುಟ್ಟಿದವಳ ಥರ ಇದ್ದಾಳೆ, ನಂಟೇ ಇಲ್ಲ.

ಈಗ ನಿನ್ನ ಪಟ್ಟಿಗೆ ಬರುತ್ತೇನೆ. ಮೊದಲು ನ್ವಿ ಬಳಗ. ಹಳೆಗನ್ನಡ ಪಾಠದಲ್ಲಿ ಆದಿಪ್ರಾಸ ಅಂತ ಓದಿದ್ದೆವಲ್ಲ, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು ಅಂತ. ಅನ್ವಿ, ತನ್ವಿ, ಸಾನ್ವಿ, ಜಾನ್ವಿ, ಧನ್ವಿ. ಎರಡನೇ ಅಕ್ಷರ ಎಲ್ಲದರಲ್ಲೂ 'ನ್ವಿ'. ಕಾವ್ಯ, ದಿವ್ಯ, ನವ್ಯ, ಭವ್ಯ ಕೂಡ ಹಾಗೇ. ಇವರೆಲ್ಲ ಒಂದೇ ತರಗತಿಯಲ್ಲಿ ಕೂತರೆ ಹಾಜರಿ ಕರೆಯುವುದೂ ಒಂದು ಪದ್ಯ ಓದಿದ ಹಾಗಿರುತ್ತದೆ. ಪ್ರಾಸ ನಮ್ಮ ಕಿವಿಗೆ ಸಾವಿರ ವರ್ಷದಿಂದ ಹಿಡಿಸಿದೆ, ಅದಕ್ಕೇ ಈ ಹೆಸರುಗಳು ಕೇಳಿದ ಕೂಡಲೇ ಚೆಂದ ಅನ್ನಿಸುತ್ತವೆ ಅಂತ ನನ್ನ ಅನುಮಾನ. ತೊಂದರೆ ಇರುವುದು ಕೂಗುವಾಗ. ದೂರದಿಂದ ಕೂಗಿದರೆ ವ್ಯಂಜನ ಅರ್ಧ ದಾರಿಯಲ್ಲೇ ಉದುರಿ ಹೋಗುತ್ತದೆ, ಸ್ವರ ಮಾತ್ರ ತಲುಪುತ್ತದೆ. ನೀನು 'ಸಾನ್ವೀ' ಅಂತ ಕೂಗಿದರೆ ಆಚೆ ತುದಿಯಲ್ಲಿ ಕೇಳುವುದು 'ಆನ್ವೀ'. ಆಟದ ಬಯಲಿನಲ್ಲಿ ನಾಲ್ಕು ಮಕ್ಕಳು ತಿರುಗಿ ನೋಡುತ್ತವೆ.

ಒಂದೊಂದಾಗಿ ಹೇಳಬೇಕಾದರೆ, ತನ್ವಿ ಅಂದರೆ ತೆಳ್ಳಗಿನ ಮೈಯವಳು. ಹದಿನೆಂಟು ದಿನದ ಮಗುವಿಗೆ ಈಗಲೇ ಡಯೆಟ್ಟಾ? ಬೇಡ. ಧನ್ವಿ ಅಂದರೆ ಬಿಲ್ಲು ಹಿಡಿದವನು. ವಿಷ್ಣು ಸಹಸ್ರನಾಮದಲ್ಲಿ ಬರುವ ಗಂಡು ಹೆಸರು ಅದು. ಸವಿತಾ ನಡೆದ ಮೇಲೆ ಧನ್ವಿ ಯಾಕೆ ನಡೆಯಬಾರದು ಅಂತ ನೀನು ವಾದ ಮಾಡಬಹುದು, ಒಪ್ಪುತ್ತೇನೆ. ಸಾನ್ವಿಗೆ 'ಲಕ್ಷ್ಮಿ' ಅಂತ ಅರ್ಥ ಬರೆದಿದ್ದೀಯ. ಇಂಟರ್ನೆಟ್ಟಿನಲ್ಲಿ ಅರ್ಥ ಗೊತ್ತಿಲ್ಲದ ಎಲ್ಲ ಹೆಣ್ಣು ಹೆಸರಿಗೂ ಲಕ್ಷ್ಮಿ ಅಂತಲೇ ಬರೆದಿರುತ್ತಾರೆ! ಲಕ್ಷ್ಮಿಯ ಅಷ್ಟೋತ್ತರ ತೆಗೆದು ನೋಡು, 108 ಹೆಸರಲ್ಲಿ ಸಾನ್ವಿ ಇಲ್ಲ. ಅರ್ಥ ಇಲ್ಲದಿದ್ದರೆ ಮುಳುಗಿ ಹೋಗುವುದೇನೂ ಇಲ್ಲ, ದನಿ ಇಷ್ಟವಾಯಿತು ಅಂತ ಇಡು. ಆದರೆ ಸುಳ್ಳು ಅರ್ಥ ಹೇಳಿಕೊಟ್ಟು ಮಗಳನ್ನು ಬೆಳೆಸಬೇಡ.

ಜಾನ್ವಿ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಯುರಿ. ಮೂಲ ಹೆಸರು ಜಾಹ್ನವಿ. ಜಹ್ನು ಋಷಿ ಗಂಗೆಯನ್ನು ಕುಡಿದು ಆಮೇಲೆ ಕಿವಿಯಿಂದ ಹೊರಗೆ ಬಿಟ್ಟ, ಹಾಗಾಗಿ ಅವಳು ಜಾಹ್ನವಿ. ಎಂಥ ಕಥೆ! ಅಷ್ಟು ದೊಡ್ಡ ನದಿಯನ್ನು ಎರಡು ಅಕ್ಷರಕ್ಕೆ ಕಟ್ಟಿ ಹಾಕಿ ಜಾನ್ವಿ ಮಾಡಿದ್ದಾರೆ. ನಿನಗೆ ಈ ಹೆಸರು ಬೇಕೇ ಬೇಕು ಅಂತಿದ್ದರೆ ಪೂರ್ತಿ ಇಡು. ಕರೆಯುವಾಗ ಹೇಗೂ ಚಿಕ್ಕದಾಗುತ್ತದೆ.

ಆದ್ಯ ಗುಂಪಿಗೆ ಬಂದರೆ ನನ್ನ ತಕರಾರು ಬೇರೆ. ಅನನ್ಯ ಅಂದರೆ ತನ್ನಂಥ ಇನ್ನೊಬ್ಬಳಿಲ್ಲದವಳು ಅಂತ. ಎಷ್ಟು ಅಪ್ಪ ಅಮ್ಮಂದಿರು ಹಾಗಂದುಕೊಂಡು ಇಟ್ಟಿದ್ದಾರೆ ಅಂದರೆ, ನನಗೆ ಗೊತ್ತಿರುವ ಅನನ್ಯರೇ ನಾಲ್ಕು ಜನ. ಅವರಲ್ಲಿ ಇಬ್ಬರು ಒಂದೇ ತರಗತಿ, ಅನನ್ಯ ಒಂದು, ಅನನ್ಯ ಎರಡು! ಆದ್ಯ ಅಂದರೆ ಮೊದಲನೆಯದು. ಚೆಂದದ ಹೆಸರೇ, ಆದರೆ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಕಥೆ ಶುರು. ಎ ಒಂದಾ ಎರಡಾ, ಡಿ ಪಕ್ಕ ಎಚ್ ಬೇಕಾ ಬೇಡವಾ. ಲಕ್ಕು ಬರಲಿ ಅಂತ ಒಂದು ಎಚ್ ಸೇರಿಸುತ್ತಾರೆ. ಆ ಎಚ್ ನೋಡಿದ ಶಾಲೆಯವರು ಕನ್ನಡದಲ್ಲಿ ಆಧ್ಯ ಅಂತ ಬರೆಯುತ್ತಾರೆ. ಆದ್ಯ ಅಂದರೆ ಮೊದಲಿನವಳು, ಆಢ್ಯ ಅಂದರೆ ಸಿರಿವಂತ. ಆಧ್ಯ ಎರಡೂ ಅಲ್ಲ, ನಡುವೆ ಸಿಕ್ಕಿ ಹಾಕಿಕೊಂಡವಳು. ಕನ್ನಡದ ಹೆಸರನ್ನು ಇಂಗ್ಲಿಷಿಗೆ ಕಳಿಸಿ, ವಾಪಸ್ ಬರುವಾಗ ಕಾಲು ಮುರಿಸಿಕೊಂಡು ಕರೆದುಕೊಂಡು ಬರುವುದು ಅಂದರೆ ಇದೇ. ಇನ್ನೊಂದು ಮಾತು, ಅ ಆ ಇಂದ ಶುರುವಾಗುವ ಹೆಸರಿದ್ದರೆ ಜೀವನವಿಡೀ ಮೌಖಿಕ ಪರೀಕ್ಷೆಗೆ ಮೊದಲು ಒಳಗೆ ಹೋಗಬೇಕು. ಅನಿತಾಳನ್ನು ಕೇಳು.

ಈ ಗೋಳು ನಮ್ಮೊಬ್ಬರದೇ ಅಲ್ಲ ಬಿಡು. ಅಮೆರಿಕದಲ್ಲಿ 1970ರಿಂದ 1984ರವರೆಗೆ, ಹದಿನೈದು ವರ್ಷ, ಹೆಣ್ಣುಮಕ್ಕಳ ಹೆಸರಲ್ಲಿ ಜೆನಿಫರ್ ಒಂದೇ ಮೊದಲ ಸ್ಥಾನದಲ್ಲಿತ್ತು. ಈಗ ಅಲ್ಲಿ ಎಮ್ಮಾ, ಎಲ್ಲಾ, ಎಮಿಲಿ, ಅಮೇಲಿಯಾ, ಮಿಯಾ. ಸೋಫಿಯಾ ಅನ್ನುವುದನ್ನು ಎರಡು ಥರ ಬರೆಯುತ್ತಾರೆ, ಸರ್ಕಾರದ ಪಟ್ಟಿಯಲ್ಲಿ ಅವು ಎರಡು ಬೇರೆ ಹೆಸರು. ಅಲ್ಲಿಯೂ ಆದ್ಯ, ಆಧ್ಯ ಇದ್ದಾರೆ ಅಂತಾಯಿತು.

ಈಗ ನನಗೆ ನಗು ತಡೆಯಲಾಗದ ಭಾಗ. ನಿರೀಕ್ಷಾ, ಪ್ರತೀಕ್ಷಾ, ಸಮೀಕ್ಷಾ. ಇವು ಬರೀ ದನಿಯಲ್ಲಿ ಒಂದೇ ಥರ ಅಲ್ಲ, ಒಂದೇ ಹೊಟ್ಟೆಯಿಂದ ಹುಟ್ಟಿದವು. ಮೂರಕ್ಕೂ ಧಾತು 'ಈಕ್ಷ್', ಅಂದರೆ ನೋಡು. ಮುಂದೆ ಅಂಟಿಸಿದ ಚೂರು ಮಾತ್ರ ಬೇರೆ. ನಿರೀಕ್ಷೆ, ಪ್ರತೀಕ್ಷೆ ಎರಡೂ ದಾರಿ ನೋಡುವುದು, ಕಾಯುವುದು. ಏಳು ವರ್ಷ ಕಾದು ಪಡೆದ ಮಗಳು, ಹಾಗಾಗಿ ಇವು ನಿನ್ನ ಪಟ್ಟಿಗೆ ಯಾಕೆ ಬಂದವು ಅಂತ ನನಗೆ ಗೊತ್ತು. ಅದರ ಬಗ್ಗೆ ತಮಾಷೆ ಮಾಡುವುದಿಲ್ಲ. ಆದರೆ ಒಂದು ಕೇಳುತ್ತೇನೆ. ಕಾದದ್ದು ನೀವಿಬ್ಬರು. ಆ ಕಾಯುವಿಕೆಯನ್ನು ಹೆಸರು ಮಾಡಿ ಅವಳ ತಲೆಗೆ ಕಟ್ಟಬೇಕಾ? ದೊಡ್ಡವಳಾಗಿ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ದಿನ ಮನೆಯವರು 'ನಿರೀಕ್ಷೆ ಹುಸಿಯಾಯಿತು' ಅಂತ ಹೇಳದೆ ಬಿಡುತ್ತಾರಾ? ಸಮೀಕ್ಷಾ ಅಂತೂ ಬೇಡವೇ ಬೇಡ. 'ಸಮೀಕ್ಷೆ ಬಂತು' ಅಂದರೆ ಮಗಳು ಬಂದಳೋ, ಮನೆ ಮನೆ ಲೆಕ್ಕ ಬರೆದುಕೊಳ್ಳುವವರು ಬಂದರೋ ತಿಳಿಯುವುದಿಲ್ಲ. ಇದೇ ಈಕ್ಷ್‌ನ ಇನ್ನೊಬ್ಬಳು ಮಗಳು ಪರೀಕ್ಷೆ. ಆ ಹೆಸರು ಯಾರೂ ಇಟ್ಟಿದ್ದು ನೋಡಿಲ್ಲ, ಪುಣ್ಯ. ಅಪೇಕ್ಷಾ ಅಂತ ಇಡುವವರಿದ್ದಾರೆ, ಬೇಕು ಅನ್ನುವ ಆಸೆ ಅಂತ. ಅದರ ಮೊದಲ ಅಕ್ಷರ ಒಂದು ತಪ್ಪಿ ಬಿದ್ದರೆ ಉಪೇಕ್ಷಾ! ಬೇಕು ಅಂತ ಪಡೆದ ಮಗು ಬೇಡ ಅಂತ ಬಿಟ್ಟದ್ದಾಗುತ್ತದೆ. ಒಂದೇ ಥರದ ಹೆಸರುಗಳಲ್ಲಿ ನನಗೆ ಭಯ ಹುಟ್ಟಿಸುವುದು ಇಂಥವು. ಅನಿತಾ ಸುನಿತಾ ಅದಲು ಬದಲಾದರೆ ಹೆಚ್ಚೆಂದರೆ ಮಾರ್ಕ್ಸ್ ಕಾರ್ಡ್ ಅದಲು ಬದಲಾಗುತ್ತದೆ.

ನಿನ್ನ ಪಟ್ಟಿಯಲ್ಲಿ ಕನ್ನಡದ ಸೊಗಡಿರುವ ಹೆಸರು ಒಂದೂ ಇಲ್ಲ ಅಂತ ಗಮನಿಸಿದೆ. ಇಂಚರ, ಇಬ್ಬನಿ, ಸಿರಿ. ನನಗೆ ಸಿರಿ ಬಹಳ ಇಷ್ಟವಿತ್ತು. ಆದರೆ 2011ರಿಂದ ಆ ಹೆಸರು ಐಫೋನಿನೊಳಗೆ ಕೂತಿದೆ. ಮಗಳನ್ನು ಕರೆದರೆ ಫೋನು ಓಗೊಡುತ್ತದೆ. ಅಲೆಕ್ಸಾ ಅನ್ನುವ ಹೆಸರಿನ ಗತಿ ಹೀಗೇ ಆಯಿತಲ್ಲ. ಮಾತಾಡುವ ಸ್ಪೀಕರ್ ಬಂದ ಮೇಲೆ ಅಮೆರಿಕದಲ್ಲಿ ಮಗುವಿಗೆ ಆ ಹೆಸರಿಡುವವರೇ ಕಡಿಮೆಯಾದರು.

ಉಳಿದದ್ದು ನಿನ್ನ ಹೆಂಡತಿ ಬರೆದ ಎರಡು. ದ್ಯುತಿ ಅಂದರೆ ಹೊಳಪು. ಧೃತಿ ಅಂದರೆ ಗಟ್ಟಿ ಮನಸ್ಸು, ಧೈರ್ಯ. ಎರಡನ್ನೂ ಬಾಯಿಬಿಟ್ಟು ಹೇಳಿ ನೋಡು. ನಿಧಾನವಾಗಿ ಹೇಳಿದರೆ ಬೇರೆ ಬೇರೆ. ಅವಸರದಲ್ಲಿ ಎರಡೂ 'ದ್ರುತಿ'. ಅಂದರೆ ನ್ವಿ ಬಳಗದ ತೊಂದರೆ ಇಲ್ಲೂ ಇದೆ, ಸುಳ್ಳು ಹೇಳುವುದಿಲ್ಲ. ಆದರೂ ನನ್ನ ವೋಟು ಧೃತಿಗೆ. ಕನ್ನಡದಲ್ಲಿ 'ಧೃತಿಗೆಡಬೇಡ' ಅನ್ನುವ ಮಾತು ದಿನಬಳಕೆಯದು. ಅವಳ ಹೆಸರು ಏನು ಅಂತ ಕೇಳಿದವರಿಗೆ ಅರ್ಥ ಹೇಳಿಕೊಡಬೇಕಾಗಿಲ್ಲ, ಅವರ ಬಾಯಲ್ಲೇ ಆ ಪದ ಇದೆ. ಆ ಏಳು ವರ್ಷವೂ ನಿನ್ನ ಹೆಂಡತಿ ಹಿಡಿದುಕೊಂಡು ಕೂತಿದ್ದು ಅದನ್ನೇ ಅಂತ ನನಗನ್ನಿಸುತ್ತದೆ. ಅವಳು ಅದನ್ನು ಪಟ್ಟಿಯ ಕೊನೆಯಲ್ಲಿ ಯಾಕೆ ಬರೆದಳು ಅಂತ ಕೇಳಿದೆಯಾ? ಕೇಳು.

ಇವತ್ತು ಸಂಜೆ ಒಂದು ಕೆಲಸ ಮಾಡು. ಅವಳು ಒಳಗಿರಲಿ, ನೀನು ಹೊರಗೆ ನಿಂತು 14 ಹೆಸರನ್ನೂ ಒಂದೊಂದಾಗಿ ಕೂಗು. ಅವಳಿಗೆ ಕೇಳಿದ್ದನ್ನು ಕಾಗದದ ಮೇಲೆ ಬರೆಯಲಿ. ಆ ಕಾಗದದ ಫೋಟೋ ನನಗೆ ಕಳಿಸು. ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ ಅಂತ ಯೋಚಿಸಬೇಡ. ಪಾಪುವಿಗೆ ನನ್ನ ಮುದ್ದು.

ಇಂತಿ ನಿನ್ನ,
ವನಿತಾ