ಉಷ್ಣಾಂಶ ಹೇಳದ 27 ಜೌಲ್‌ಗೆ ಅರ್ಥವಿಲ್ಲ

ಮಾನ್ಯ ಸಂಪಾದಕರೇ,

ಸೇತುವೆ, ಅನಿಲದ ಟ್ಯಾಂಕು, ಶೀತಲಗೃಹಗಳಿಗೆ ಉಕ್ಕು ಕೊಳ್ಳುವಾಗ ಟೆಂಡರಿನಲ್ಲಿ ‘ಚಾರ್ಪಿ 27 ಜೌಲ್’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವುದು ಇನ್ನೂ ನಿಂತಿಲ್ಲ. ಚಾರ್ಪಿ ಎಂದರೆ ಕಚ್ಚು ಹಾಕಿದ ಉಕ್ಕಿನ ತುಂಡನ್ನು ಲೋಲಕದಿಂದ ಬಡಿದು, ಅದು ಮುರಿಯಲು ತಗಲುವ ಶಕ್ತಿಯನ್ನು ಜೌಲ್‌ಗಳಲ್ಲಿ ಅಳೆಯುವ ಇಂಪ್ಯಾಕ್ಟ್ (ಪೆಟ್ಟಿನ) ಪರೀಕ್ಷೆ. ಯಾವ ಉಷ್ಣಾಂಶದಲ್ಲಿ 27? ಕೋಣೆಯ ಬಿಸಿಗೆ 100 ಜೌಲ್ ದಾಟುವ ಸಾಧಾರಣ ಉಕ್ಕು, ಮೈನಸ್ 20 ಡಿಗ್ರಿಯಲ್ಲಿ ಹತ್ತಕ್ಕೆ ಕುಸಿಯಬಹುದು. ಎಳೆತದ ಪರೀಕ್ಷೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಚಳಿಗೆ ಉಕ್ಕಿನ ಬಲ ಇಳಿಯುವುದಿಲ್ಲ, ಏರುತ್ತದೆ. ಇಳಿಯುವುದು ಪೆಟ್ಟು ತಾಳುವ ಗುಣ. ಟೈಟಾನಿಕ್ ಹಡಗಿನ ಹೊರಮೈಯ ಉಕ್ಕನ್ನು ಮೇಲೆತ್ತಿ ಪರೀಕ್ಷಿಸಿದಾಗ, ಅದು ಪೆಡಸಾಗುವ ಉಷ್ಣಾಂಶ 30 ಡಿಗ್ರಿಗಿಂತ ಮೇಲಿತ್ತು. ಹಡಗು ಮುಳುಗಿದ್ದು ಮೈನಸ್ 2 ಡಿಗ್ರಿ ನೀರಿನಲ್ಲಿ.

ನಮ್ಮ ಐಎಸ್ 2062 ಮಾನಕ ಇದನ್ನು ಸ್ಪಷ್ಟವಾಗಿಯೇ ವಿಂಗಡಿಸಿದೆ. ಇ250 ಉಕ್ಕಿನ ‘ಎ’ ದರ್ಜೆಗೆ ಇಂಪ್ಯಾಕ್ಟ್ ಪರೀಕ್ಷೆ ಬೇಕಿಲ್ಲ, ‘ಬಿ0’ ದರ್ಜೆಗೆ ಸೊನ್ನೆ ಡಿಗ್ರಿಯಲ್ಲಿ, ‘ಸಿ’ ದರ್ಜೆಗೆ ಮೈನಸ್ 20ರಲ್ಲಿ 27 ಜೌಲ್ ಬರಬೇಕು. ಪೀಣ್ಯದಲ್ಲಿ ಬೆಸೆದ ಚೌಕಟ್ಟು ಹಿಮಾಲಯದ ಚಳಿಗೆ ಹೋಗುವುದಾದರೆ ‘ಎ’ ದರ್ಜೆಯ ತಗಡು ಸಾಲದು.

ಪರೀಕ್ಷಾಲಯದಲ್ಲೂ ತಪ್ಪುವ ಜಾಗಗಳಿವೆ. ತುಂಡಿನ ಅಳತೆ 10×10×55 ಮಿಲಿಮೀಟರ್. ನಡುವೆ 2 ಮಿ.ಮೀ. ಆಳದ, 45 ಡಿಗ್ರಿ ಕೋನದ ವಿ-ಕಚ್ಚು; ಕಚ್ಚಿನ ತಳದ ತ್ರಿಜ್ಯ 0.25 ಮಿ.ಮೀ. ಎಲ್ಲಕ್ಕಿಂತ ಹೆಚ್ಚು ಅನಾಹುತ ಮಾಡುವುದು ಈ ತ್ರಿಜ್ಯವೇ. ಕಚ್ಚು ಕೊರೆಯುವ ಬ್ರೋಚಿನ ಹಲ್ಲು ಸವೆದರೆ ತಳ ದುಂಡಗಾಗಿ, ಬಿರುಕು ಹುಟ್ಟಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಕೆಟ್ಟ ಉಕ್ಕಿಗೂ ಒಳ್ಳೆಯ ಅಂಕ ಬೀಳುತ್ತದೆ. ಬರಿಗಣ್ಣಿಗೆ ಅದು ಕಾಣದು. ಪ್ರೊಫೈಲ್ ಪ್ರೊಜೆಕ್ಟರಿನಲ್ಲಿ 50 ಪಟ್ಟು ಹಿಗ್ಗಿಸಿ, ಅಳತೆಯ ನಕ್ಷೆಯ ಮೇಲೆ ನೆರಳಿಟ್ಟು ನೋಡಲೇಬೇಕು. ಗ್ಯಾಸ್ ಕಟಿಂಗ್ ಮಾಡಿದ ಅಂಚಿನ ಪಕ್ಕದಲ್ಲೇ ತುಂಡು ತೆಗೆಯುವುದೂ ತಪ್ಪು. ಅಲ್ಲಿನ ಲೋಹ ಬೆಂಕಿಗೆ ಆಗಲೇ ಬದಲಾಗಿರುತ್ತದೆ.

ತಂಪಿನ ವಿಷಯದಲ್ಲಿ ಅವಸರ ಸಲ್ಲದು. ಡ್ರೈ ಐಸ್ ಬೆರೆಸಿದ ಆಲ್ಕೋಹಾಲಿನಲ್ಲಿ ತುಂಡು ಕನಿಷ್ಠ 5 ನಿಮಿಷ ಮುಳುಗಿರಬೇಕು. ಇಕ್ಕಳದ ತುದಿಯೂ ಅದರೊಂದಿಗೇ ತಣ್ಣಗಾಗಬೇಕು, ಇಲ್ಲದಿದ್ದರೆ ಬೆಚ್ಚಗಿನ ಇಕ್ಕಳ ಕಚ್ಚಿನ ಬಳಿಯೇ ಶಾಖ ತುಂಬುತ್ತದೆ. ಹೊರತೆಗೆದ 5 ಸೆಕೆಂಡಿನೊಳಗೆ ಲೋಲಕ ಬಡಿಯಬೇಕು. ತುಂಡಿಲ್ಲದೆ ಬೀಸಿ, ಘರ್ಷಣೆಯಲ್ಲಿ ಎಷ್ಟು ಶಕ್ತಿ ನಷ್ಟವಾಗುತ್ತದೆಂದು ಮೊದಲೇ ನೋಡಿಕೊಳ್ಳಬೇಕು.

ಒಂದೇ ತುಂಡಿನ ಫಲಿತಾಂಶ ನಂಬುವಂಥದ್ದಲ್ಲ. ಮೂರರ ಸರಾಸರಿ ಬೇಕು, ಯಾವುದೇ ಒಂದು ಕನಿಷ್ಠ ಮಿತಿಯ ಶೇ 70ಕ್ಕಿಂತ ಕೆಳಗಿರಬಾರದು. ತೆಳು ತಗಡಿನಿಂದ 5 ಮಿ.ಮೀ. ಅಗಲದ ತುಂಡು ತೆಗೆದಿದ್ದರೆ, ಅದರ ಜೌಲನ್ನು 10 ಮಿ.ಮೀ. ತುಂಡಿನ 27ಕ್ಕೆ ನೇರವಾಗಿ ಹೋಲಿಸುವಂತಿಲ್ಲ.

ಆದ್ದರಿಂದ ಲೋಕೋಪಯೋಗಿ ಮತ್ತು ನೀರಾವರಿ ಇಲಾಖೆಗಳ ಟೆಂಡರುಗಳಲ್ಲಿ ಜೌಲ್ ಜೊತೆಗೆ ಉಷ್ಣಾಂಶ, ತುಂಡಿನ ಅಗಲ, ರೋಲಿಂಗ್ ದಿಕ್ಕಿಗೆ ಉದ್ದಕ್ಕೋ ಅಡ್ಡಕ್ಕೋ ಎಂಬುದು, ಮೂರೂ ಬಿಡಿ ಅಂಕಗಳು ಕಡ್ಡಾಯವಾಗಿ ಬರಲಿ. ಒಡೆದ ತುಂಡುಗಳನ್ನು ಕಾಮಗಾರಿ ಮುಗಿಯುವವರೆಗೆ ಎಸೆಯದೆ ಇಡಲಿ. ಮುರಿದ ಮುಖ ಪೆಟ್ಟು ತಾಳುವ ಉಕ್ಕಿನ ಬೂದುಬಣ್ಣದ ನಾರಿನಂತಿದೆಯೋ, ಪೆಡಸು ಉಕ್ಕಿನ ಸಕ್ಕರೆ ಹರಳಿನಂತೆ ಮಿನುಗುತ್ತಿದೆಯೋ ಎಂದು ಎಂಜಿನಿಯರು ತಾವೇ ಕೈಯಲ್ಲಿ ಹಿಡಿದು ನೋಡಬಹುದು.

— ಲೋಹ ಪರೀಕ್ಷಾ ತಂತ್ರಜ್ಞರು, ಬೆಂಗಳೂರು