ಮೋಡ ನೀರಾವಿಯಲ್ಲ ಸ್ವಾಮಿ!

ಸಂಪಾದಕರೇ,

ವಿಜ್ಞಾನ ಉದ್ಯಾನದ ‘ಜಲಚಕ್ರ’ ಫಲಕವನ್ನು ಹಾಡಿ ಹೊಗಳಿದ ನಿಮ್ಮ ವರದಿ ನಂಬಿ ಭಾನುವಾರ ಮಗಳನ್ನು ಕರೆದುಕೊಂಡು ಹೋದೆ. ಬಸ್ಸು ಸಿಗದೆ ಅರ್ಧ ದಾರಿ ನಡಿಗೆ, ಆಮೇಲೆ ಬಿಸಿಲಲ್ಲಿ ಕ್ಯೂ, ನೆರಳಿಗೊಂದು ಮರವಿಲ್ಲ. ಇಷ್ಟು ಪಾಡು ಪಟ್ಟು ಒಳಹೊಕ್ಕರೆ ಮೊದಲ ಸಾಲೇ ‘ನೀರು 100 ಡಿಗ್ರಿಗೆ ಕಾದಾಗ ಆವಿಯಾಗುತ್ತದೆ’! ಹಾಗಾದರೆ ಸಮುದ್ರವೆಲ್ಲ ಕೊತಕೊತ ಕುದಿಯುತ್ತಿದೆಯೇ? ಕುದಿಯುವುದು ಬೇರೆ, ಆವಿಯಾಗುವುದು ಬೇರೆ. ನೀರಿನ ಮೇಲ್ಮೈಯಿಂದ ಯಾವ ಉಷ್ಣಾಂಶದಲ್ಲೂ ಆವಿ ಏಳುತ್ತಲೇ ಇರುತ್ತದೆ. ಬಟ್ಟೆ ಒಗೆದು ಹರವಿದವರಿಗೆಲ್ಲ ಗೊತ್ತಿರುವ ಸಂಗತಿ.

ಮುಂದೆ ಬೆಳ್ಳನೆಯ ಮೋಡ, ಅದರ ಕೆಳಗೆ ‘ನೀರಾವಿ’ ಎಂದು ದಪ್ಪಕ್ಷರ. ನೀರಾವಿ ಕಣ್ಣಿಗೆ ಕಾಣುವುದೇ ಇಲ್ಲ. ಮೇಲೇರಿದ ಗಾಳಿ ತಣಿದು, ಅದರಲ್ಲಿನ ಆವಿ ದೂಳಿನ, ಉಪ್ಪಿನ ಕಣಗಳ ಮೇಲೆ ಸಾಂದ್ರೀಕರಿಸಿ ಹನಿಯಾದಾಗಲೇ ಮೋಡ ಕಾಣುವುದು. ಇನ್ನೂ ಎತ್ತರದಲ್ಲಾದರೆ ಹಿಮದ ಹರಳು. ಸೊನ್ನೆ ಡಿಗ್ರಿಯ ಕೆಳಗಿಳಿದರೂ ಹೆಪ್ಪುಗಟ್ಟದೆ ದ್ರವವಾಗಿಯೇ ಇರುವ ಹನಿಗಳೂ ಅಲ್ಲಿರುತ್ತವೆ. ಆಲಿಕಲ್ಲು ಬೆಳೆಯುವುದೇ ಅವು ಬಂದು ಅಂಟಿಕೊಂಡು. ಫಲಕದಲ್ಲಿ ಆಲಿಕಲ್ಲಿಲ್ಲ, ಹಿಮ ಕರಗದೆ ನೇರವಾಗಿ ಆವಿಯಾಗುವ ಉತ್ಪತನವಿಲ್ಲ. ಆವಿಯಾಗುವಾಗ ನೀರು ಹೀರಿಕೊಂಡು, ಮೋಡದಲ್ಲಿ ಹನಿಯಾಗುವಾಗ ಬಿಟ್ಟುಕೊಡುವ ಗುಪ್ತೋಷ್ಣದ ಸುದ್ದಿಯೇ ಇಲ್ಲ. ಗುಡುಗು ಮೋಡಗಳಿಗೆ ಕಸುವು ಬರುವುದೇ ಅದರಿಂದ. ಇರುವುದು ಉದ್ಘಾಟಕರ ಭಾವಚಿತ್ರ, ಮೋಡಕ್ಕಿಂತ ದೊಡ್ಡದು.

ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿದರೆ, ‘ಮೇಲಿನವರು ಓಕೆ ಮಾಡಿದ್ದಾರೆ, ನಮಗೇನು ಗೊತ್ತು’ ಎಂದರು. ಮಗಳು ಫಲಕದಲ್ಲಿದ್ದದ್ದನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಂಡಾಗಿದೆ. ಈಗ ಮನೆಯಲ್ಲಿ ನಾನು ಹೇಳುವುದು ಸುಳ್ಳು, ಸರ್ಕಾರಿ ಫಲಕ ನಿಜ. ಇಷ್ಟಕ್ಕೂ ಆ ಫಲಕದ ಬುಡದಲ್ಲೇ ಇರುವ ಕುಡಿಯುವ ನೀರಿನ ನಲ್ಲಿಯಲ್ಲಿ ತೊಟ್ಟು ನೀರಿಲ್ಲ. ಉತ್ಪತನವಾಗಿರಬೇಕು!

ಈ ಉದ್ಯಾನ ನೋಡಿಕೊಳ್ಳುವ ಕಚೇರಿಯ ಮಳೆಮಾಪಕ ಕಳೆಗಿಡಗಳ ನಡುವೆ ತುಕ್ಕು ಹಿಡಿದು ಬಿದ್ದಿದೆ ಎಂದು ಹಿಂದೆಯೇ ಬರೆದುಕೊಟ್ಟಿದ್ದೆ. ‘ಪರಿಶೀಲನೆಯಲ್ಲಿದೆ’ ಎಂದವರು ಆಮೇಲೆ ತುಟಿ ಬಿಚ್ಚಿಲ್ಲ. ಗಾಳಿಗೆ ಸೇರಿದ ನೀರಾವಿ ಸರಾಸರಿ 9–10 ದಿನಗಳಲ್ಲಿ ಮಳೆಯಾಗಿಯೋ ಹಿಮವಾಗಿಯೋ ನೆಲಕ್ಕೆ ಮರಳುತ್ತದೆ. ಈ ಕಚೇರಿಗೆ ಸೇರಿದ ಅರ್ಜಿ ಮರಳಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ಅಧಿಕಾರಿ ಬದಲಾದರೆ ಫೈಲೂ ಮಾಯ.

ಫಲಕ ತಿದ್ದಲಿ, ಇಲ್ಲವೇ ಕಿತ್ತುಹಾಕಲಿ. ನಲ್ಲಿಗೂ ಒಂದು ಗತಿ ಕಾಣಿಸಲಿ, ಮಳೆಮಾಪಕಕ್ಕೂ. ಏನೂ ಆಗದಿದ್ದರೆ ಸಂಬಂಧಪಟ್ಟವರು ಮಕ್ಕಳ ವಿಜ್ಞಾನ ಪುಸ್ತಕವನ್ನಾದರೂ ಒಮ್ಮೆ ತಿರುವಿಹಾಕಲಿ. ಸಂಬಳ ತೆಗೆದುಕೊಳ್ಳುವುದಿಲ್ಲವೇ ಇವರು?

– ಒಬ್ಬ ಪೋಷಕ