ಅಪ್ಪಯ್ಯನಿಗೆ, ಕಾರಿನ ವಿಷಯ

ಸಿರಕ್ಯೂಸ್, ನ್ಯೂಯಾರ್ಕ್ ರಾಜ್ಯ
ಮಾರ್ಚ್ 8

ತೀರ್ಥರೂಪು ಅಪ್ಪಯ್ಯನಿಗೆ ಮಗಳ ನಮಸ್ಕಾರಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ದಿನಾ ಫೋನಿನಲ್ಲಿ ಸಿಗುವವಳು ಕಾಗದ ಯಾಕೆ ಬರೆದಳು ಅಂತ ಅನಿಸಿರಬೇಕು. ಹೋದ ಭಾನುವಾರ ನೀವು "ಕಾರು ಹೇಗಿದೆ?" ಅಂತ ಕೇಳಿದಿರಿ. ನಾನು "ಚೆನ್ನಾಗಿದೆ" ಅಂದೆ. ಅಷ್ಟರಲ್ಲಿ ಅಮ್ಮ ಫೋನು ಕಿತ್ತುಕೊಂಡು ಸಾರಿನ ಪುಡಿ ಮುಗಿಯಿತಾ ಅಂತ ಕೇಳಿದಳು. ನಿಮ್ಮ ಪ್ರಶ್ನೆ ಅಲ್ಲಿಗೇ ನಿಂತಿತು. ಕೊಪ್ಪದ ಕೆಸರಿನಲ್ಲಿ ಮೂವತ್ತು ವರ್ಷ ಜೀಪ್ ಓಡಿಸಿದವರಿಗೆ "ಚೆನ್ನಾಗಿದೆ" ಅನ್ನುವ ಉತ್ತರ ಸಾಲದು. ಕಾಗದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಕೊನೆಗೆ ಬರುತ್ತದೆ. ಆ ಭಾಗ ಮಾತ್ರ ಅಮ್ಮನಿಗೆ ಓದಿ ಹೇಳಬೇಡಿ.

ಅಜ್ಜಿಗೆ ಮೊದಲು ಹೆಸರಿನ ವಿಷಯ ಹೇಳಿಬಿಡಿ. ಕಾರು ಸುಬಾರು ಕಂಪನಿಯದ್ದು, ಮಾಡೆಲ್ಲಿನ ಹೆಸರು ಲೆಗಸಿ. ಅಮ್ಮ "ಸುಬ್ಬರಾಯ" ಅಂತ ಕರೆಯುತ್ತಾಳಲ್ಲ, ಅದೇನೂ ತೀರಾ ತಪ್ಪಲ್ಲ. ಜಪಾನಿ ಭಾಷೆಯಲ್ಲಿ ಸುಬಾರು ಅಂದರೆ ಕೃತ್ತಿಕಾ ನಕ್ಷತ್ರ. ಮುಂದಿನ ಗ್ರಿಲ್ ಮೇಲೆ ಆರು ಚುಕ್ಕಿ ಇವೆ, ಒಂದು ದೊಡ್ಡದು, ಐದು ಸಣ್ಣವು. 1953ರಲ್ಲಿ ಐದು ಕಂಪನಿ ಸೇರಿ ಒಂದಾದದ್ದರ ಗುರುತು ಅದು. ಆದರೆ ಅಜ್ಜಿಗೆ ಆ ಕಥೆ ಬೇಡ. ಆರು ಕೃತ್ತಿಕೆಯರು ಹಾಲೂಡಿಸಿದ ಸುಬ್ರಹ್ಮಣ್ಯನ ಗಾಡಿ ಅಂದರೆ ಸಾಕು, ನಾನು ಕ್ಷೇಮ ಅಂತ ಅವರಿಗೆ ನಂಬಿಕೆ ಬರುತ್ತದೆ. ನಿಮಗಂತೂ ಕೃತ್ತಿಕೆ ಅಂದರೆ ಮೇ ತಿಂಗಳ ಮಳೆ, ಅಲ್ವಾ?

ಕಾರು 2021ರ ಮಾಡೆಲ್. ಒಂದೂವರೆ ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡೆವು. ಜಪಾನಿನ ಕಂಪನಿಯಾದರೂ ಇದು ತಯಾರಾದದ್ದು ಇಲ್ಲೇ ಇಂಡಿಯಾನಾ ರಾಜ್ಯದ ಲಫಾಯೆಟ್ ಊರಿನಲ್ಲಿ. ನಿಮ್ಮ ಅಳಿಯನಿಗೆ ಇದೇ ಕಂಪನಿಯ ಔಟ್‌ಬ್ಯಾಕ್ ಬೇಕಿತ್ತು. ಅದೂ ಇದೂ ಅಣ್ಣತಮ್ಮಂದಿರ ಹಾಗೆ, ಒಳಗಿನ ಸಾಮಾನು ಬಹುಪಾಲು ಒಂದೇ. ಅದು ನೆಲದಿಂದ ಎಂಟೂ ಮುಕ್ಕಾಲು ಇಂಚು ಎತ್ತರ, ಇದು ಆರು ಇಂಚಿಗೂ ಒಂಚೂರು ಕಡಿಮೆ. ಜೀಪಿನ ಎತ್ತರದಲ್ಲಿ ಕೂತು, ತಿರುವು ಬಂದಾಗಲೆಲ್ಲ ಕಂಬಿ ಹಿಡಿದುಕೊಂಡೇ ಬೆಳೆದವಳು ನಾನು. ಒಂದು ಸಲವಾದರೂ ನೆಲಕ್ಕೆ ಅಂಟಿಕೊಂಡು ಹೋಗುವ ಗಾಡಿ ಬೇಕು ಅಂತ ಹಟ ಮಾಡಿದೆ. ಈಗ ಇಲ್ಲಿ ಎಲ್ಲರಿಗೂ ಎತ್ತರದ ಗಾಡಿಯೇ ಬೇಕು. ಲೆಗಸಿಯನ್ನು 2025ರ ಮಾಡೆಲ್ಲಿಗೆ ನಿಲ್ಲಿಸಿದರು.

ನಾಲ್ಕೂ ಚಕ್ರ ಎಳೆಯುವ ಗಾಡಿ ಯಾಕೆ ಬೇಕಾಯಿತು ಅಂದರೆ, ಇಲ್ಲಿಯ ಹಿಮ ನಿಮ್ಮ ಆಗುಂಬೆ ಮಳೆಯ ಹಾಗೆ. ಊರಿನ ವಾಯವ್ಯಕ್ಕೆ ಒಂಟಾರಿಯೋ ಸರೋವರ ಇದೆ. ಅದು ಚಳಿಗಾಲದಲ್ಲೂ ಪೂರ್ತಿ ಹೆಪ್ಪುಗಟ್ಟುವುದಿಲ್ಲ. ಕೆನಡಾ ಕಡೆಯ ಕೊರೆಯುವ ಗಾಳಿ ಅದರ ಮೇಲೆ ಬೀಸಿ, ನೀರಿನ ಪಸೆ ಹೀರಿಕೊಂಡು ಬಂದು ನಮ್ಮ ತಲೆ ಮೇಲೆ ಹಿಮವಾಗಿ ಸುರಿಯುತ್ತದೆ. ನೀವು ಮಳೆ ಲೆಕ್ಕ ಬರೆಯುವ ಪುಸ್ತಕ ಇಟ್ಟಿದ್ದೀರಲ್ಲ, ಇಲ್ಲಿಯವರೂ ಹಾಗೇ ಇಂಚಿನಲ್ಲಿ ಹಿಮದ ಲೆಕ್ಕ ಇಡುತ್ತಾರೆ. ಒಂದು ಚಳಿಗಾಲಕ್ಕೆ ಸರಾಸರಿ 120 ಇಂಚು! ಬಫಲೋ, ರಾಚೆಸ್ಟರ್, ಆಲ್ಬನಿ, ಬಿಂಗ್‌ಹ್ಯಾಮ್ಟನ್ ಮತ್ತು ನಮ್ಮೂರಿನ ನಡುವೆ ಯಾರಿಗೆ ಜಾಸ್ತಿ ಬಿತ್ತು ಅಂತ ಪಂದ್ಯವೇ ನಡೆಯುತ್ತದೆ, ಗೆದ್ದ ಊರಿಗೆ ಒಂದು ಟ್ರೋಫಿ. ಹೆಚ್ಚಾಗಿ ಗೆಲ್ಲುವವರು ನಾವೇ. ಅದರಲ್ಲಿ ಹೆಮ್ಮೆಪಡುವುದು ಏನಿದೆಯೋ ಗೊತ್ತಿಲ್ಲ.

ನನಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗ್ಗೆ ಆರಕ್ಕೆ ಡ್ಯೂಟಿ. ಐದಕ್ಕೆ ಹೊರಡಬೇಕು. ಆ ಹೊತ್ತಿಗೆ ಹಿಮ ತಳ್ಳುವ ಲಾರಿ ದೊಡ್ಡ ರಸ್ತೆಯಲ್ಲಿ ಓಡಾಡಿರುತ್ತದೆ, ನಮ್ಮ ಓಣಿಗೆ ಬಂದಿರುವುದಿಲ್ಲ. ರಾತ್ರಿಯೇ ವೈಪರ್ ಎತ್ತಿ ನಿಲ್ಲಿಸಿರುತ್ತೇನೆ, ಇಲ್ಲದಿದ್ದರೆ ಗ್ಲಾಸಿಗೆ ಕಚ್ಚಿಕೊಳ್ಳುತ್ತದೆ. ಬೆಳಗ್ಗೆ ಎದ್ದರೆ ಕಾರೇ ಕಾಣುವುದಿಲ್ಲ. ಬಿಳಿ ಗುಡ್ಡೆಯೊಂದರಿಂದ ಎರಡು ವೈಪರ್ ಕಡ್ಡಿ ಮೀಸೆ ಹಾಗೆ ಚಾಚಿಕೊಂಡಿರುತ್ತವೆ. ಉದ್ದ ಬ್ರಷ್ಷಿನಿಂದ ಮೊದಲು ಮಾಡಿನ ಹಿಮ ಎಳೆಯಬೇಕು, ಆಮೇಲೆ ಬಾನೆಟ್ಟಿನದ್ದು. ಗ್ಲಾಸಿನ ಮೇಲಿನ ಗಾಜುಹಿಮವನ್ನು ಹೆರೆಯಬೇಕು, ಥೇಟ್ ಕಾಯಿ ತುರಿಯುವ ಸದ್ದು. ಮೇಲ್ಗಡೆ ಕನ್ನಡಿಯ ಹತ್ತಿರ ಎರಡು ಕ್ಯಾಮೆರಾ ಇವೆ. ಮುಂದೆ ಅಡ್ಡ ಬಂದರೆ ಅವು ನೋಡಿ ತಾವೇ ಬ್ರೇಕ್ ಹಾಕಿಸುತ್ತವೆ. ಆ ಜಾಗದಲ್ಲಿ ಹಿಮ ಕೂತಿದ್ದರೆ ಅವುಗಳೂ ಕುರುಡು. ಅಷ್ಟೆಲ್ಲ ಆಗುವಾಗ ಹತ್ತು ನಿಮಿಷ. ಒಳಗೆ ಬಂದು ಕೂತರೆ ಮಾತ್ರ ಸೀಟು ಬೆಚ್ಚಗಿರುತ್ತದೆ. ಬಚ್ಚಲೊಲೆ ಎದುರು ಕೂತ ಸುಖ, ಅಪ್ಪಯ್ಯ. ಎದುರಿನ ಟಚ್‌ಸ್ಕ್ರೀನ್ ದೊಡ್ಡದು, ಹನ್ನೊಂದೂವರೆ ಇಂಚಿಗಿಂತ ಜಾಸ್ತಿ. ಆದರೆ ಕೈಗವಸು ಹಾಕಿದ ಬೆರಳಿಗೆ ಅದು ಬಗ್ಗುವುದಿಲ್ಲ. ಜೀಪಿನ ಹಾಗೆ ಎಲ್ಲದಕ್ಕೂ ಒಂದೊಂದು ಗುಂಡಿ ಇದ್ದಿದ್ದರೆ ಅಂತ ಐದು ಗಂಟೆಗೆ ದಿನಾ ಅನಿಸುತ್ತದೆ.

ಇಂಜಿನ್ ನಿಮಗೆ ಇಷ್ಟವಾಗುತ್ತದೆ. 2.5 ಲೀಟರ್, ನಾಲ್ಕು ಸಿಲಿಂಡರ್, 182 ಹಾರ್ಸ್‌ಪವರ್, ಪೆಟ್ರೋಲ್. ನಮ್ಮ ಜೀಪಿನಲ್ಲಿ ಪಿಸ್ಟನ್ನು ಒನಕೆ ಹಾಗೆ ಮೇಲೆ ಕೆಳಗೆ ಕುಟ್ಟುತ್ತದೆ. ಇದರಲ್ಲಿ ಅಡ್ಡ ಮಲಗಿವೆ, ಆ ಕಡೆ ಎರಡು, ಈ ಕಡೆ ಎರಡು. ಎದುರುಬದುರಿನ ಜೋಡಿ ಒಟ್ಟಿಗೆ ಒಳಗೆ ಬಂದು ಒಟ್ಟಿಗೆ ಹೊರಗೆ ಹೋಗುತ್ತದೆ, ಚಪ್ಪಾಳೆ ತಟ್ಟಿದ ಹಾಗೆ. ಒಂದರ ನಡುಕವನ್ನು ಇನ್ನೊಂದು ತಿಂದುಬಿಡುತ್ತದೆ. ಭಾರವೂ ತಗ್ಗಿನಲ್ಲೇ ಇರುತ್ತದೆ. ಹೊರಡುವಾಗ ಜೋರೇನಿಲ್ಲ, ಒಂದೂವರೆ ಟನ್ನಿಗೂ ಜಾಸ್ತಿ ತೂಕ ನೋಡಿ. ಹೆದ್ದಾರಿಗೆ ಸೇರುವಾಗ ಆಕ್ಸಿಲರೇಟರ್ ಒತ್ತಿದರೆ ಮೊದಲು ಸದ್ದು ಬರುತ್ತದೆ, ಆಮೇಲೆ ವೇಗ. ಗೇರು ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವುದಿಲ್ಲ. ಚೈನೊಂದು ರಾಟೆಯ ಮೇಲೆ ಸರಿದಾಡುತ್ತಾ ಇರುತ್ತದೆ. ನನಗೇನೂ ಆತುರವಿಲ್ಲ.

ನೀವು ಕೇಳಿಯೇ ಕೇಳುತ್ತೀರಿ, ಎಷ್ಟು ಕೊಡುತ್ತೆ ಅಂತ. ಸರ್ಕಾರದ ಲೆಕ್ಕವನ್ನು ನಮ್ಮ ಅಳತೆಗೆ ತಂದರೆ ಊರೊಳಗೆ ಲೀಟರಿಗೆ ಹನ್ನೊಂದೂವರೆ ಕಿಲೋಮೀಟರ್, ಹೆದ್ದಾರಿಯಲ್ಲಿ ಹದಿನೈದರ ಹತ್ತಿರ. ನನ್ನ ಲೆಕ್ಕದಲ್ಲಿ ಬೇಸಿಗೆಗೆ ಅಷ್ಟು ಬರುತ್ತದೆ, ಚಳಿಗಾಲದಲ್ಲಿ ಹತ್ತು. ಡಿಕ್ಕಿ ದೊಡ್ಡದು. ಅಮ್ಮನ ಎರಡು ಸೂಟ್‌ಕೇಸು, ಹಲಸಿನ ಹಪ್ಪಳದ ಡಬ್ಬಿ, ಮೇಲೆ ನಿಮ್ಮ ಕೊಡೆ, ಎಲ್ಲ ಹಿಡಿಸುತ್ತದೆ.

ಈಗ ಫೋರ್‌ವೀಲ್ ವಿಷಯ. ನಿಮ್ಮ ಮಹೀಂದ್ರಾ 540 ಜೀಪಿನಲ್ಲಿ ದರೆ ಹತ್ತಿರ ಬಂದಾಗ ನಿಲ್ಲಿಸಿ, ಸಣ್ಣ ಲಿವರ್ ಎಳೆದು ಫೋರ್‌ವೀಲ್ ಹಾಕುತ್ತಿದ್ದಿರಿ. ಇದರಲ್ಲಿ ಲಿವರ್ ಇಲ್ಲ, ಯಾವಾಗಲೂ ನಾಲ್ಕೂ ಚಕ್ರ ಎಳೆಯುತ್ತವೆ. ಒಳಗೆ ಕ್ಲಚ್ ಪ್ಲೇಟುಗಳ ಒಂದು ಕಟ್ಟು ಇದೆ. ಮಾಮೂಲಿ ರಸ್ತೆಯಲ್ಲಿ ಇಂಜಿನ್ನಿನ ಬಲದ ಹೆಚ್ಚು ಪಾಲು ಮುಂದಕ್ಕೆ, ಸ್ವಲ್ಪ ಕಡಿಮೆ ಹಿಂದಕ್ಕೆ. ಮುಂದಿನ ಚಕ್ರ ಜಾರಿದರೆ ಪ್ಲೇಟುಗಳು ಬಿಗಿಯಾಗಿ ಹಿಂದಕ್ಕೆ ಜಾಸ್ತಿ ಹೋಗುತ್ತದೆ. ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಆ ಗೊತ್ತಾಗದೇ ಇರುವುದರ ಬಗ್ಗೆ ಆಮೇಲೆ ಬರೆಯುತ್ತೇನೆ.

ಇದರಿಂದ ಒಂದು ಖರ್ಚೂ ಬಂತು. ಹೋದ ಬೇಸಿಗೆಯಲ್ಲಿ ಒಂದು ಟೈರಿನ ಪಕ್ಕೆಗೆ ಕಬ್ಬಿಣದ ಚೂರು ಹೊಕ್ಕಿತು. ಪಕ್ಕೆ ಹರಿದರೆ ಪಂಕ್ಚರ್ ಹಾಕುವ ಹಾಗಿಲ್ಲ. ಟೈರ್ ಅಂಗಡಿಯವನು "ಒಂದು ಹಾಕಿದರೆ ಸಾಕು" ಅಂದ. ಕಾರಿನ ಜೊತೆ ಬಂದ ಪುಸ್ತಕ ತೆಗೆದು ನೋಡಿದೆ. ನಾಲ್ಕೂ ಒಂದೇ ಅಳತೆ, ಒಂದೇ ಜಾತಿ, ಒಂದೇ ಸವೆತ ಇರಬೇಕಂತೆ. ಸವೆದ ಮೂರರ ಜೊತೆ ಹೊಸತೊಂದು ಸೇರಿದರೆ ಸುತ್ತಳತೆ ಬೇರೆಯಾಗುತ್ತದೆ. ಒಂದು ಚಕ್ರ ನಿಧಾನ ಸುತ್ತುತ್ತದೆ, ಆ ಪ್ಲೇಟುಗಳು ಸುಮ್ನೆ ಉಜ್ಜಿಕೊಂಡು ಬಿಸಿಯಾಗುತ್ತವೆ. ನಮ್ಮ ಮೂರು ಟೈರು ಅರ್ಧಕ್ಕಿಂತ ಜಾಸ್ತಿ ಸವೆದಿದ್ದವು. ಒಂದು ಕಬ್ಬಿಣದ ಚೂರಿಗೆ ನಾಲ್ಕು ಟೈರು! ನಿಮ್ಮ ಅಳಿಯ ಎರಡು ದಿನ ಮಾತಾಡಲಿಲ್ಲ. ಅದಕ್ಕೇ ಅಕ್ಟೋಬರಿನಲ್ಲಿ ನಾನು ಹಿಮದ ಟೈರು ಬೇಕು ಅಂದಾಗ, "ಹೊಸ ಟೈರು ಇದೆ, ಫೋರ್‌ವೀಲ್ ಇದೆ, ಮತ್ತೇಕೆ?" ಅಂದರು. ನಾನೂ ಒಪ್ಪಿದೆ. ಮೊದಲನೇ ಚಳಿಗಾಲ ಹಾಗೇ ಕಳೆದಿತ್ತಲ್ಲ.

ಡಿಸೆಂಬರಿನಲ್ಲಿ ಮೊದಲ ಪಾಠ ಆಯಿತು, ಅದು ನಗುವಂಥದ್ದು. ಹಿಮ ತಳ್ಳುವ ಲಾರಿ ಹೋದ ಮೇಲೆ ಮನೆ ಬಾಯಿಗೆ ಮೊಣಕಾಲುದ್ದ ದಿಂಡು ಬಿಟ್ಟುಹೋಗುತ್ತದೆ. ಗುದ್ದಲಿ ಹಿಡಿಯಲು ಸೋಮಾರಿತನ. ನುಗ್ಗಿಸಿದೆ. ಕಾರಿನ ಹೊಟ್ಟೆ ದಿಂಡಿನ ಮೇಲೆ ಕೂತಿತು. ನಾಲ್ಕೂ ಚಕ್ರ ಗಾಳಿಯಲ್ಲಿ ತಿರುಗುತ್ತಿವೆ, ಕಾರು ಆಮೆ ಹಾಗೆ ಅಲ್ಲೇ. ಒಳಗಿಂದ ಇವರು ಗುದ್ದಲಿ ತಂದು ಹೊಟ್ಟೆ ಅಡಿಯ ಹಿಮ ಬಗೆದರು. ಔಟ್‌ಬ್ಯಾಕ್ ಅಂತ ಬಾಯಿಬಿಟ್ಟು ಹೇಳಲಿಲ್ಲ. ಮುಖದಲ್ಲಿ ಬರೆದಿತ್ತು.

ಇನ್ನು ಅಮ್ಮನಿಗೆ ಓದಬಾರದ ಭಾಗ.

ಜನವರಿಯ ಒಂದು ಬೆಳಗ್ಗೆ. ಹಿಂದಿನ ದಿನ ಕರಗಿದ ನೀರು ರಾತ್ರಿ ಹೆಪ್ಪುಗಟ್ಟಿತ್ತು, ಮೇಲೆ ಎರಡು ಇಂಚು ಹೊಸ ಹಿಮ. ಆಸ್ಪತ್ರೆ ಇರುವುದು ಗುಡ್ಡದ ಮೇಲೆ. ದಾರಿಯಲ್ಲಿ ಒಂದು ಏರು ಹತ್ತಿ, ಇಳಿದು, ಸಿಗ್ನಲ್ ದಾಟಿ ಮತ್ತೆ ಹತ್ತಬೇಕು. ಏರಿನಲ್ಲಿ ಎರಡು ಕಾರು ಹಿಂದಿನ ಚಕ್ರ ಸುತ್ತಿಸುತ್ತಾ ಅಡ್ಡ ನಿಂತಿದ್ದವು. ನಾನು ಅವರ ಪಕ್ಕದಲ್ಲೇ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಹತ್ತಿಬಿಟ್ಟೆ. ಒಳಗೊಳಗೇ ಬೀಗಿದೆ. ಇಳಿಜಾರಿನಲ್ಲೂ ಅದೇ ವೇಗ. ಕೆಳಗೆ ಕೆಂಪು ದೀಪ. ಬ್ರೇಕ್ ಒತ್ತಿದೆ. ಪೆಡಲ್ಲು ಕಾಲಡಿ ಗಡಗಡ ಅಂತ ನಡುಗಿತು, ಕಾರು ನಿಲ್ಲಲಿಲ್ಲ. ಸದ್ದೇ ಇಲ್ಲ, ಅಪ್ಪಯ್ಯ. ದೋಣಿಯಲ್ಲಿ ಕೂತ ಹಾಗೆ. ಎದುರಿಗೆ ಕಸದ ಲಾರಿಯ ಹಿಂಭಾಗ ದೊಡ್ಡದಾಗುತ್ತಾ ಬಂತು. ಅದರ ಮೇಲಿನ ಹಳದಿ ದೀಪ ತಿರುಗುತ್ತಾ ಇದ್ದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಬಲಕ್ಕೆ ತಿರುಗಿಸಿದೆ. ಪಕ್ಕದ ಹಿಮದ ದಿಂಡಿಗೆ ಮೂತಿ ಹೊಕ್ಕಿ ನಿಂತಿತು. ಲಾರಿಗೂ ನನಗೂ ಒಂದು ಮಾರು. ಕಾರಿಗೆ ಏನೂ ಆಗಲಿಲ್ಲ. ನನ್ನ ಕಾಲು ಹತ್ತು ನಿಮಿಷ ನಡುಗುತ್ತಿತ್ತು.

ಆಮೇಲೆ ಯೋಚಿಸಿದೆ. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರದ್ದೇ. ಹತ್ತುವಾಗ ನನಗಿದ್ದ ಅನುಕೂಲ ನಿಲ್ಲಿಸುವಾಗ ಇರಲಿಲ್ಲ. ಜೀಪ್ ಆಗಿದ್ದರೆ ಏರಿನಲ್ಲೇ ಒಂದು ಸಲ ಹಿಂದೆ ಕೊಸರಿ, ಇವತ್ತು ರಸ್ತೆ ಸರಿ ಇಲ್ಲ ಮಗಳೇ ಅಂತ ಹೇಳುತ್ತಿತ್ತು. ಈ ಕಾರು ಆ ಕೊಸರಾಟವನ್ನೆಲ್ಲ ತಾನೇ ನುಂಗಿಕೊಂಡು ನನಗೆ ಹೇಳಲೇ ಇಲ್ಲ. ಹದಿನೇಳು ವರ್ಷದವಳಿದ್ದಾಗ ನಮ್ಮ ಮನೆ ಏರಿನಲ್ಲಿ ಜೀಪ್ ಕಲಿಸುತ್ತಾ ನೀವು ಹೇಳಿದ್ದಿರಿ, "ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ." ಗೇರೇ ಇಲ್ಲದ ಕಾರಿನಲ್ಲಿ ಅದನ್ನು ಮರೆತೇ ಬಿಟ್ಟಿದ್ದೆ. ಸ್ಟೇರಿಂಗ್ ಹಿಂದೆ ಎರಡು ಸಣ್ಣ ಪಟ್ಟಿ ಇವೆ. ಎಡಗಡೆಯದನ್ನು ಎಳೆದರೆ ಗೇರು ಇಳಿಸಿದ ಹಾಗೆ ಇಂಜಿನ್ ಹಿಡಿಯುತ್ತದೆ. ಒಂದು ವರ್ಷ ಅದನ್ನು ಮುಟ್ಟಿರಲಿಲ್ಲ. ಈಗ ಆ ಇಳಿಜಾರಿನ ತಲೆಯಲ್ಲೇ ಎಳೆಯುತ್ತೇನೆ. ಮೇಲೆ ಖಾಲಿ ಜಾಗ ನೋಡಿ ಒಂದು ಸಲ ಸುಮ್ನೆ ಬ್ರೇಕ್ ಮುಟ್ಟಿ ರಸ್ತೆಯನ್ನು ವಿಚಾರಿಸಿಕೊಳ್ಳುತ್ತೇನೆ.

ಅದೇ ವಾರ ಹಿಮದ ಟೈರು ಬಂತು, ಇವರು ತುಟಿ ಬಿಚ್ಚದೆ ದುಡ್ಡು ಕೊಟ್ಟರು. ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವಿನ ಗುರುತು ಇರುತ್ತದೆ. ಮಾಮೂಲಿ ಟೈರಿನ ರಬ್ಬರು ಏಳು ಡಿಗ್ರಿಗಿಂತ ಕೆಳಗೆ ಬಿರುಸಾಗುತ್ತಾ ಹೋಗುತ್ತದೆ, ಇದು ಮೆತ್ತಗೇ ಇರುತ್ತದೆ. ನೀವು ಆಷಾಢದಲ್ಲಿ ಹಿಂದಿನ ಚಕ್ರಕ್ಕೆ ಚೈನು ಕಟ್ಟುತ್ತಿದ್ದಿರಲ್ಲ, ಅದರ ಬದಲಿಗೆ ಇದು ಅಂದುಕೊಳ್ಳಿ. ಅದೇ ಇಳಿಜಾರಿನಲ್ಲಿ ಈಗ ಕಾರು ನಿಲ್ಲುತ್ತದೆ.

ತುಕ್ಕಿನದ್ದು ಮಾತ್ರ ಚಿಂತೆ. ಘಟ್ಟದ ಕೆಳಗಿನ ಗಾಡಿ ಕೊಳ್ಳಬಾರದು ಅಂತೀರಲ್ಲ, ಇಲ್ಲಿ ಸಮುದ್ರವಿಲ್ಲದೆಯೇ ಉಪ್ಪು. ಈ ಊರು ಬೆಳೆದದ್ದೇ ಉಪ್ಪುನೀರಿನ ಬುಗ್ಗೆಗಳಿಂದ, ಸಾಲ್ಟ್ ಸಿಟಿ ಅಂತಲೇ ಹೆಸರು. ಹಿಮ ಕರಗಲಿ ಅಂತ ರಸ್ತೆಗೆಲ್ಲ ಉಪ್ಪು ಚೆಲ್ಲುತ್ತಾರೆ. ಕಪ್ಪು ಕಾರು ಮಾರ್ಚಿಗೆ ಉಪ್ಪಿನಕಾಯಿ ಭರಣಿ ಹಾಗೆ ಬೆಳ್ಳಗೆ ಪೊರೆಕಟ್ಟಿದೆ. ಹದಿನೈದು ದಿನಕ್ಕೊಮ್ಮೆ ಅಡಿಯಿಂದ ನೀರು ಹೊಡೆಸುತ್ತೇನೆ.

ನೀವಿಬ್ಬರೂ ಬರುವುದಾದರೆ ಜೂನಿನಲ್ಲಿ ಬನ್ನಿ ಅನ್ನೋಣ ಅಂದರೆ ನಿಮಗೆ ಮಳೆಗಾಲದ ಕೆಲಸ. ಸೆಪ್ಟೆಂಬರ್ ಕೊನೆಗೆ ಬನ್ನಿ, ಆಗ ಇಲ್ಲಿ ಮರಗಳೆಲ್ಲ ಕೆಂಪಾಗುತ್ತವೆ. ಸೀಟು ತಗ್ಗು, ನಿಮ್ಮ ಮಂಡಿಗೆ ಇಳಿಯುವಾಗ ಸ್ವಲ್ಪ ಕಷ್ಟ ಆಗಬಹುದು. ಓಡಿಸಲು ಕೊಡುತ್ತೇನೆ. ಬಲಗಡೆ ಹೋಗಬೇಕು ಅನ್ನುವುದೊಂದನ್ನು ನೆನಪಿಡಬೇಕು.

ಜೀಪಿನ ಹಿಂದಿನ ಟೈರು ಬದಲಾಯಿಸಿದಿರಾ? ಹೋದ ಮಳೆಗಾಲದಲ್ಲೇ ಬೋಳಾಗಿತ್ತು. ದುಡ್ಡು ಕಳಿಸುತ್ತೇನೆ ಅಂದರೆ ಬೈಯುತ್ತೀರಿ, ಅದಕ್ಕೆ ಅಮ್ಮನ ಅಕೌಂಟಿಗೆ ಹಾಕಿದ್ದೇನೆ. ಯಾಕೆ ಅಂತ ಕೇಳಿದರೆ ಸಾರಿನ ಪುಡಿಗೆ ಅನ್ನಿ.

ಅಜ್ಜಿಗೂ ಅಮ್ಮನಿಗೂ ನಮಸ್ಕಾರ ತಿಳಿಸಿ.

ಇತಿ,
ನಿಮ್ಮ ಮಗಳು